ಮೆಹಂದಿ ಬಟನ್

ಕೋವಿಡ್ ಇಳಿದ ಎರಡನೆಯ ವರ್ಷ. ಸರ್ಕಾರಿ ವೈದ್ಯಕೀಯ ಸೇವೆಯಿಂದ ನಿವೃತ್ತನಾದ ಮೇಲೆ ನಾನು ಶಿವಾಜಿನಗರಕ್ಕೂ ಹಲಸೂರಿಗೂ ನಡುವೆ ಇರುವ ಒಂದು ಧರ್ಮಾರ್ಥ ಆಸ್ಪತ್ರೆಯಲ್ಲಿ ಹಿರಿಯ ಸಲಹಾ ವೈದ್ಯನಾಗಿ ಸೇರಿಕೊಂಡಿದ್ದೆ. ವಯಸ್ಸು ಎಪ್ಪತ್ತರ ಹತ್ತಿರ ಬಂದಿತ್ತು. ನಮ್ಮ ಮನೆ ಇರುವುದು ಕೆ.ಆರ್. ಪುರದ ಆಚೆ, ಹಿಂದೆ ರಾಗಿಯ ಹೊಲಗಳಿದ್ದು ಈಗ ಬಡಾವಣೆಯಾಗಿ ಹೋಗಿರುವ ಒಂದು ಹಳ್ಳಿಯಲ್ಲಿ. ಬೆಳಗಿನ ಪೂಜೆ, ಒಂದಿಷ್ಟು ಪಾರಾಯಣ ಮುಗಿಸಿ ಹೊರಟರೆ ಟಿನ್ ಫ್ಯಾಕ್ಟರಿಯ ಹತ್ತಿರ ವಾಹನಗಳು ಹೇಗೂ ನಿಂತೇ ನಿಲ್ಲುತ್ತವೆ. ಜಪಕ್ಕೆ ಅಷ್ಟು ಏಕಾಂತ ಕೊಡುವ ಸ್ಥಳ ಈ ಊರಿನಲ್ಲಿ ಇನ್ನೊಂದಿಲ್ಲ ಎಂದು ನಾನು ಮನೆಯವರಿಗೆ ಹೇಳುವುದುಂಟು. ಆಸ್ಪತ್ರೆಯ ಬಾಗಿಲಿಗೆ ಬರುವ ಹೊತ್ತಿಗೆ ನನ್ನ ಮಾಲೆ ಮುಗಿದಿರುತ್ತಿತ್ತು.

ಅಲ್ಲಿ ನನಗೆ ಒಪ್ಪಿಸಿದ್ದ ಕೆಲಸ ತುಸು ವಿಚಿತ್ರವಾದದ್ದು. ರೋಗಿ ಬಾಗಿಲೊಳಗೆ ಕಾಲಿಟ್ಟ ಕ್ಷಣದಿಂದ ವೈದ್ಯರ ಕೈ ಅವನ ಮೈಮುಟ್ಟುವ ಕ್ಷಣದವರೆಗೆ ನಡೆಯುವುದೆಲ್ಲವನ್ನೂ ನೋಡಿಕೊಳ್ಳಬೇಕು, ಅದನ್ನು ಕಂಪ್ಯೂಟರಿನ ಸಹಾಯದಿಂದ ಸರಿಪಡಿಸಬೇಕು. ಪೂಜೆಯಲ್ಲಿ ಪೂರ್ವಾಂಗ ಎಂದು ಒಂದಿದೆ. ಆಸನಶುದ್ಧಿ, ಸಂಕಲ್ಪ, ಕಲಶಪೂಜೆ, ಇವೆಲ್ಲ ಪ್ರಧಾನ ದೇವತೆಯ ಆವಾಹನೆಗೆ ಮೊದಲು ನಡೆಯುವಂಥವು. ಅವಸರದವರು ಅದನ್ನು ಹಾರಿಸಿಬಿಡುತ್ತಾರೆ. ಆಸ್ಪತ್ರೆಯಲ್ಲಿಯೂ ಹಾಗೆಯೇ. ಶಸ್ತ್ರಚಿಕಿತ್ಸೆಗೆ, ಔಷಧಕ್ಕೆ, ಯಂತ್ರಗಳಿಗೆ ಸಲ್ಲುವ ಗೌರವ ಕಾಯುವ ಹಜಾರಕ್ಕೆ ಎಂದೂ ಸಲ್ಲಲಿಲ್ಲ.

ನಮ್ಮ ಹಜಾರದ ಹಳೆಯ ಪದ್ಧತಿಯನ್ನು ಹೇಳಬೇಕು. ಕೌಂಟರು ತೆರೆಯುವ ಮೊದಲೇ ಜನ ಬಂದು ಸಾಲಿನಲ್ಲಿ ತಮ್ಮ ತಮ್ಮ ಚಪ್ಪಲಿ, ಕೈಚೀಲ, ನೀರಿನ ಬಾಟಲಿಗಳನ್ನು ಇಟ್ಟು, ಎದುರಿನ ಹೋಟೆಲಿಗೆ ಚಹಾ ಕುಡಿಯಲು ಹೋಗುತ್ತಿದ್ದರು. ಚೀಲಗಳ ಆ ಸಾಲನ್ನು ಯಾರೂ ಕದಲಿಸುತ್ತಿರಲಿಲ್ಲ. ಆ ಮಟ್ಟಿಗೆ ಅದು ಧರ್ಮಬದ್ಧವಾದ ವ್ಯವಸ್ಥೆ. ಆದರೆ ಮೊದಲು ಬಂದವನು ಹಳೆಯ ಮಂಡಿನೋವಿನ ಮಾತ್ರೆಗೆ ಬಂದವನಾಗಿರಬಹುದು, ಕೊನೆಗೆ ಬಂದವಳು ಎದೆ ಹಿಡಿದುಕೊಂಡು ಬಂದವಳಾಗಿರಬಹುದು. ಚೀಲಕ್ಕೆ ಈ ಭೇದ ತಿಳಿಯುವುದಿಲ್ಲ.

ಹೊಸ ವ್ಯವಸ್ಥೆಯಲ್ಲಿ ರೋಗಿ ಬಂದ ಕೂಡಲೇ ಬಾಗಿಲ ಬಳಿಯ ಮೇಜಿಗೆ ಹೋಗಬೇಕು. ಅಲ್ಲಿ ಒಬ್ಬ ಸಿಸ್ಟರ್, ಒಂದು ಟ್ಯಾಬ್ಲೆಟ್. ರಕ್ತದೊತ್ತಡ, ನಾಡಿ, ಜ್ವರ, ರಕ್ತದಲ್ಲಿನ ಆಮ್ಲಜನಕ, ಈ ನಾಲ್ಕನ್ನೂ ಉಪಕರಣಗಳೇ ಅಳೆದು ಪರದೆಗೆ ಕಳಿಸುತ್ತವೆ. ಅಂಕಿಗಳನ್ನು ನೋಡಿ ಕಂಪ್ಯೂಟರು ರೋಗಿಗೆ ಒಂದು ಬಣ್ಣ ಕೊಡುತ್ತದೆ. ಕೆಂಪು ಎಂದರೆ ತಕ್ಷಣ ಒಳಗೆ. ಹಳದಿ ಎಂದರೆ ಮುಂದಿನ ಬೆಂಚು, ಬೇಗ ನೋಡಬೇಕಾದವರು. ಹಸಿರು ಎಂದರೆ ಹಿಂದಿನ ಬೆಂಚುಗಳು, ಕಾಯಬಲ್ಲವರು. ಆ ಬಣ್ಣದ ಕಾಗದದ ಪಟ್ಟಿಯನ್ನು ಮಣಿಕಟ್ಟಿಗೆ ಸುತ್ತುತ್ತಾರೆ. ಹೀಗೆ ತುರ್ತಿನ ಮೇರೆಗೆ ರೋಗಿಗಳನ್ನು ಬೇರ್ಪಡಿಸುವುದಕ್ಕೆ ವೈದ್ಯಕೀಯದಲ್ಲಿ ಟ್ರಯಾಜ್ ಎನ್ನುತ್ತಾರೆ. ಇದನ್ನು ರೂಪಿಸಿದವಳು ಶ್ವೇತಾ ಎಂಬ ಇಂಜಿನಿಯರ್. ಇಂದಿರಾನಗರದ ಒಂದು ಪುಟ್ಟ ಕಂಪನಿಯಿಂದ ವಾರಕ್ಕೊಮ್ಮೆ ಬಂದು ಹಜಾರದಲ್ಲಿಯೇ ಕುಳಿತು ಕೆಲಸ ಮಾಡುತ್ತಿದ್ದಳು.

ಮೇಜಿನ ಸಿಸ್ಟರ್ ಸೆಲ್ವಿ. ಹಲಸೂರಿನವರು, ಮನೆಮಾತು ತಮಿಳು; ಕನ್ನಡ, ಇಲ್ಲಿನ ಮುಸ್ಲಿಮರಾಡುವ ದಖ್ಖನಿ ಉರ್ದು, ಇಂಗ್ಲಿಷ್ ಎಲ್ಲವನ್ನೂ ಒಂದೇ ಉಸಿರಿನಲ್ಲಿ ಆಡಬಲ್ಲವರು. ಮೊದಲ ವಾರ ಮಾರುಕಟ್ಟೆಯ ವ್ಯಾಪಾರಿಯೊಬ್ಬ ಅವರೊಡನೆ ಜಗಳಕ್ಕೆ ನಿಂತದ್ದು ನೆನಪಿದೆ.

"ಏನ್ ಸಿಸ್ಟರ್ ಇದು ಅನ್ಯಾಯ? ನಾನು ಎಲ್ರಿಗಿಂತ ಮುಂಚೆ ಬಂದು ಚಪ್ಪಲಿ ಇಟ್ಟಿದೀನಿ."

"ಚಪ್ಪಲಿಗೆ ಬಿ.ಪಿ. ನೋಡೋಕೆ ಬರಲ್ಲ ಅಣ್ಣಾ. ನೀವೇ ಬನ್ನಿ, ಕೈ ಕೊಡಿ."

ಸುತ್ತ ಕುಳಿತವರು ನಕ್ಕರು, ಅವನೂ ನಕ್ಕು ಕೈ ಕೊಟ್ಟ. ಕೆಲವು ತಿಂಗಳುಗಳಲ್ಲಿ ಜನ ಬಣ್ಣಗಳಿಗೆ ಒಗ್ಗಿಕೊಂಡರು. ಎದೆನೋವಿನ ಆಟೋ ಚಾಲಕನೊಬ್ಬ ಎಲ್ಲರಿಗಿಂತ ಕೊನೆಗೆ ಬಂದು, ಕೆಂಪು ಪಟ್ಟಿ ಕಟ್ಟಿಸಿಕೊಂಡು ಎಲ್ಲರಿಗಿಂತ ಮೊದಲು ಒಳಹೋಗಿ, ಬದುಕಿ ಹೊರಬಂದ ಮೇಲೆ ಚಪ್ಪಲಿಯ ಸಾಲು ತಾನಾಗಿ ಕರಗಿತು.

ಅನಂತರ ಮದುವೆಗಳ ಕಾಲ ಬಂತು. ಪುಲಿಕೇಶಿನಗರ, ಶಿವಾಜಿನಗರಗಳ ಮುಸ್ಲಿಂ ಮನೆಗಳಲ್ಲಿ ಮದುವೆಯೆಂದರೆ ಮದುಮಗಳಿಗೆ ಮಾತ್ರ ಮೆಹಂದಿಯಲ್ಲ. ಅಜ್ಜಿಯರಿಂದ ಹಿಡಿದು ಎಲ್ಲ ಹೆಂಗಸರಿಗೂ. ಹಿರಿಯ ಹೆಂಗಸರು ಚಿತ್ತಾರ ಬರೆಸಿಕೊಳ್ಳುವುದಿಲ್ಲ. ಬೆರಳ ತುದಿಗಳಿಗೆ ಟೋಪಿ ತೊಡಿಸಿದಂತೆ, ಉಗುರೂ ಸೇರಿ, ದಪ್ಪನಾಗಿ ಹಚ್ಚಿಸಿಕೊಳ್ಳುತ್ತಾರೆ. ಒಂದು ಮದುವೆಯದು ಮಾಸುವ ಮೊದಲೇ ಇನ್ನೊಂದರದು ಅದರ ಮೇಲೆ ಕೂರುತ್ತದೆ. ಈಚೆಗೆ ಅಂಗಡಿಯಲ್ಲಿ ಸಿಗುವ ಕಪ್ಪು ಮೆಹಂದಿಯನ್ನೂ ಬೆರೆಸುವುದರಿಂದ ಬಣ್ಣ ಕಡುಗಪ್ಪಾಗಿ ನಿಲ್ಲುತ್ತದೆ. ಆಮ್ಲಜನಕ ಅಳೆಯುವ ಪಲ್ಸ್ ಆಕ್ಸಿಮೀಟರ್ ಎಂಬ ಪುಟ್ಟ ಚಿಮಟ ಕೆಲಸ ಮಾಡುವುದು ಬೆಳಕಿನಿಂದ. ಬೆರಳ ತುದಿಯ ಮೂಲಕ ಬೆಳಕನ್ನು ಹಾಯಿಸಿ, ರಕ್ತ ಅದರಲ್ಲಿ ಎಷ್ಟನ್ನು ಹೀರಿಕೊಂಡಿತು ಎಂದು ಲೆಕ್ಕ ಹಾಕುತ್ತದೆ. ನಡುವೆ ದಟ್ಟ ಬಣ್ಣದ ಪದರವಿದ್ದರೆ ಅಂಕಿ ಬಾರದೆ ಹೋಗಬಹುದು, ಇಲ್ಲವೆ ಇರುವುದಕ್ಕಿಂತ ಕಡಿಮೆ ಬರಬಹುದು.

ಹೀಗಾಗಿ, ಸೊಂಟನೋವಿಗೆ ಎಣ್ಣೆ ಕೇಳಲು ಬಂದ ಗಟ್ಟಿಮುಟ್ಟು ಹೆಂಗಸರಿಗೆಲ್ಲ ಪರದೆ ಕೆಂಪು ಪಟ್ಟಿ ಕೊಡತೊಡಗಿತು. ಅವರನ್ನು ಗಾಲಿಮಂಚದ ಮೇಲೆ ಮಲಗಿಸಿ ಒಳಗೆ ತಳ್ಳಿಕೊಂಡು ಹೋದರೆ ಅವರು ಎದ್ದು ಕುಳಿತು ಮನೆಗೆ ಫೋನ್ ಮಾಡಿ ನಗುತ್ತಿದ್ದರು. ನಿಜವಾಗಿ ತುರ್ತಿದ್ದವರು ಅವರ ಹಿಂದೆ ಕಾಯುವಂತಾಯಿತು. ವಾರದ ಸಭೆಯಲ್ಲಿ ಸೆಲ್ವಿ ಇದನ್ನು ಎತ್ತಿದರು.

"ಸಾರ್, ಮದ್ವೆ ಮನೆಯವ್ರೆಲ್ಲ ರೆಡ್ ಬರ್ತಿದಾರೆ. ಎಮರ್ಜೆನ್ಸಿ ಡಾಕ್ಟ್ರು ನನ್ ಮೇಲೆ ರೇಗ್ತಾರೆ. ಏನಾದ್ರೂ ಮಾಡಿ."

ಶ್ವೇತಾ ಅಂದೇ ಮಧ್ಯಾಹ್ನ ಪರದೆಯ ಮೂಲೆಯಲ್ಲಿ ಒಂದು ಬಟನ್ ಸೇರಿಸಿದಳು. ಅದರ ಮೇಲೆ ಎಲೆಯ ಚಿತ್ರ, ಕೆಳಗೆ 'ಮೆಹಂದಿ' ಎಂಬ ಪದ. ಅದನ್ನು ಒತ್ತಿದರೆ ಕಂಪ್ಯೂಟರು ಆಮ್ಲಜನಕದ ಅಂಕಿಯನ್ನು ಬದಿಗಿಟ್ಟು, ಉಳಿದ ಮೂರನ್ನು ಮಾತ್ರ ನೋಡಿ ಬಣ್ಣ ನಿರ್ಧರಿಸುತ್ತದೆ. ಸಭೆಯಲ್ಲಿದ್ದ ನಾವೆಲ್ಲರೂ ಒಪ್ಪಿದೆವು. ನೋಡಲು ಬಂದ ಬೇರೆ ಆಸ್ಪತ್ರೆಯವರು, ಈ ನೆಲದ ರೂಢಿಯನ್ನು ಅರಿತು ಮಾಡಿದ ತಂತ್ರಜ್ಞಾನ ಎಂದರೆ ಹೀಗಿರಬೇಕು ಎಂದು ಹೊಗಳಿದರು. ಹಜಾರ ಮತ್ತೆ ಸಲೀಸಾಗಿ ನಡೆಯತೊಡಗಿತು.

ಜುಲೇಖಾ ಬೀ ಬಂದದ್ದು ಆ ದಿನಗಳಲ್ಲಿ.

ಪುಲಿಕೇಶಿನಗರದ ಹಳೆಯ ಮನೆತನದವರು, ಅರವತ್ತು ದಾಟಿದವರು. ಮೊಮ್ಮಗಳ ಮದುವೆಗೆ ಹೈದರಾಬಾದಿಗೆ ಹೋಗಿ, ಬಸ್ಸಿನಲ್ಲಿ ಕುಳಿತ ಕಡೆಯಿಂದ ಏಳದೆ ಹಿಂದಿನ ದಿನವಷ್ಟೇ ಮರಳಿದ್ದರು. ಜೊತೆಗೆ ಸೊಸೆ ನಸ್ರೀನ್, ಕಂಟೋನ್ಮೆಂಟಿನ ಒಂದು ಶಾಲೆಯಲ್ಲಿ ಗಣಿತದ ಶಿಕ್ಷಕಿ. ಸುಸ್ತು, ಒಂದು ಕಾಲಿನ ಮೀನಖಂಡದಲ್ಲಿ ನೋವು, ಇಷ್ಟೇ ಅವರು ಹೇಳಿದ ತೊಂದರೆ. ಸೆಲ್ವಿ ಬೆರಳಿಗೆ ಚಿಮಟ ಸಿಕ್ಕಿಸಿದಾಗ ಅಂಕಿ ತೀರ ಕಡಿಮೆ ಬಂತು. ಬೆರಳುಗಳನ್ನು ನೋಡಿದರು. ಹತ್ತೂ ಕಡುಗಪ್ಪು. ಮೆಹಂದಿ ಬಟನ್ ಒತ್ತಿದರು. ಜ್ವರವಿರಲಿಲ್ಲ, ರಕ್ತದೊತ್ತಡ ಆಗಿನ್ನೂ ಸರಿಯಾಗಿತ್ತು. ರಕ್ತದೊತ್ತಡಕ್ಕೆಂದು ಅವರು ದಿನವೂ ನುಂಗುತ್ತಿದ್ದ ಮಾತ್ರೆಗೆ ನಾಡಿಯ ವೇಗವನ್ನು ತಗ್ಗಿಸುವ ಗುಣವಿರುತ್ತದೆ. ಹಾಗಾಗಿ ಓಡಬೇಕಾಗಿದ್ದ ನಾಡಿಯೂ ಓಡಲಿಲ್ಲ. ಪರದೆ ಹಸಿರಾಯಿತು. ಜುಲೇಖಾ ಬೀ ಹಸಿರು ಪಟ್ಟಿ ಕಟ್ಟಿಸಿಕೊಂಡು ಹೋಗಿ ಕೊನೆಯ ಬೆಂಚಿನಲ್ಲಿ ಕುಳಿತರು. ಆ ಬೆಂಚಿನಲ್ಲಿ ಅವರ ಉಸಿರು ತೀರುತ್ತ ಬರುತ್ತಿದೆ ಎಂಬುದು ಹಜಾರದಲ್ಲಿ ಯಾರಿಗೂ ತಿಳಿದಿರಲಿಲ್ಲ.

ನನ್ನ ಕೋಣೆಗೆ ಹೋಗುವ ಮುನ್ನ ಹಜಾರವನ್ನು ಒಂದು ಸುತ್ತು ನಡೆಯುವುದು ನನ್ನ ಅಭ್ಯಾಸ. ವೈದ್ಯಕೀಯ ಕಾರಣಕ್ಕಿಂತ ಹೆಚ್ಚಾಗಿ, ನೊಂದವರು ಕುಳಿತ ಜಾಗವನ್ನು ಹಾದು ಹೋಗದೆ ಕೆಲಸ ಆರಂಭಿಸಿದರೆ ಏನೋ ಬಿಟ್ಟುಹೋದಂತೆ ನನಗೆ ಅನ್ನಿಸುತ್ತದೆ. ಕೊನೆಯ ಬೆಂಚಿನಲ್ಲಿ ಆಕೆ ಕಣ್ಣುಮುಚ್ಚಿ ತಸ್ಬೀಹ್ ಎಣಿಸುತ್ತಿದ್ದರು. ಅದು ಅವರ ಜಪಮಾಲೆ. ಹೆಸರು ಬೇರೆ, ಮಣಿ ಬೇರೆ, ಕೈಯ ಚಲನೆ ನನ್ನದೇ. ಗೌರವದಿಂದ ತುಸು ದೂರದಲ್ಲಿಯೇ ನಿಂತೆ.

ಬಹಳ ವರ್ಷ ಜಪ ಮಾಡಿದವರ ಉಸಿರು ಮಣಿಯ ಜೊತೆ ಹೊಂದಿಕೊಂಡಿರುತ್ತದೆ. ಒಂದು ಉಸಿರಿಗೆ ಹಲವು ಮಣಿಗಳು ಜಾರಿಹೋಗುತ್ತವೆ. ಕೈ ಅದನ್ನು ತಾನೇ ಬಲ್ಲದು, ಮನಸ್ಸು ಗಮನಿಸಬೇಕಾಗಿಲ್ಲ. ಆಕೆಯ ಕೈ ಹಾಗೆ ಹೋಗುತ್ತಿರಲಿಲ್ಲ. ಒಂದು ಮಣಿ ಸರಿಯುತ್ತಿತ್ತು, ತುಟಿ ನಿಲ್ಲುತ್ತಿತ್ತು, ಭುಜ ಮೇಲೇರುತ್ತಿತ್ತು, ಆಮೇಲೆ ಇನ್ನೊಂದು ಮಣಿ. ಆಕೆ ನಾಮಕ್ಕಾಗಿ ಉಸಿರನ್ನು ಎರವಲು ತರುತ್ತಿದ್ದರು.

ಹತ್ತಿರ ಹೋಗಿ ಕೇಳಿದೆ. "ಏನಮ್ಮ, ಹೇಗಿದ್ದೀರಿ?"

ಕಣ್ಣುಬಿಟ್ಟು ನಕ್ಕರು. "ಅಚ್ಚಾ ಇದೀನಿ ಡಾಕ್ಟರ್ ಸಾಬ್. ಮದುವೆ..." ಉಸಿರು ಎಳೆದುಕೊಂಡರು. "ಮದುವೆ ಮಾಡಿ ಸುಸ್ತು." ಮತ್ತೆ ಉಸಿರು. "ಬಿರಿಯಾನಿ... ತಿಂದೋರಿಗೆ ಏನೂ ಆಗಿಲ್ಲ."

ನಸ್ರೀನ್ ಅಂದರು, "ನೋಡಿ ಸರ್, ಹೀಗೇ ಜೋಕ್ ಮಾಡ್ತಾರೆ. ಬೆಳಗ್ಗೆ ಮೆಟ್ಟಿಲ ಮೇಲೆ ಕೂತ್ಬಿಟ್ರು, ಅದಕ್ಕೇ ನಾನೇ ರಜಾ ಹಾಕಿ ಕರ್ಕೊಂಡ್ ಬಂದೆ."

ವಾಕ್ಯವೊಂದನ್ನು ಮುಗಿಸಲು ಉಸಿರು ಸಾಲದ ರೋಗಿ ಹಿಂದಿನ ಬೆಂಚಿನಲ್ಲಿ ಕೂರುವಂತಿಲ್ಲ. ಮೊಣಕಾಲೂರಿ ಕುಳಿತು ಕಾಲನ್ನು ಮುಟ್ಟಿ ನೋಡಿದೆ. ಒಂದು ಮೀನಖಂಡ ಊದಿಕೊಂಡು ಬಿಸಿಯಾಗಿತ್ತು. ಮಣಿಕಟ್ಟಿನ ಹಸಿರು ಪಟ್ಟಿಯನ್ನು ನೋಡಿದೆ, ಬೆರಳುಗಳನ್ನು ನೋಡಿದೆ. ಸೆಲ್ವಿಯನ್ನು ಕೂಗಿ, ಆಪರೇಷನ್ ಥಿಯೇಟರಿನಿಂದ ಕಿವಿಯ ಹಾಲೆಗೆ ಹಾಕುವ ಚಿಮಟವನ್ನು ತರಿಸಿದೆ. ಆರೋಗ್ಯವಂತರಲ್ಲಿ ಆಮ್ಲಜನಕ ನೂರಕ್ಕೆ ತೊಂಬತ್ತೈದರ ಮೇಲಿರಬೇಕು. ಕಿವಿ ತೋರಿಸಿದ್ದು ಎಂಬತ್ತೊಂದು.

ಸೆಲ್ವಿ ಆ ಅಂಕಿಯನ್ನು ನೋಡಿದರು. "ಬೆರಳಲ್ಲೂ ಹತ್ತತ್ರ ಇಷ್ಟೇ ಬಂದಿತ್ತು ಸಾರ್," ಅಂದರು ಮೆಲ್ಲಗೆ. "ನಾನೇ ಬಟನ್ ಒತ್ತಿದೆ."

ಆಮ್ಲಜನಕ ಹಚ್ಚಿ ಒಳಗೆ ಕರೆದೊಯ್ದು ಸ್ಕ್ಯಾನ್ ಮಾಡಿಸಿದೆವು. ಬಹಳ ಹೊತ್ತು ಕದಲದೆ ಕುಳಿತಾಗ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಬಹುದು. ಆ ಹೆಪ್ಪು ಕಿತ್ತುಕೊಂಡು ಮೇಲೇರಿ ಶ್ವಾಸಕೋಶದ ರಕ್ತನಾಳವನ್ನು ಮುಚ್ಚಿದರೆ ಪಲ್ಮನರಿ ಎಂಬಾಲಿಸಮ್ ಎನ್ನುತ್ತೇವೆ. ಜುಲೇಖಾ ಬೀಯವರಿಗೆ ಆಗಿದ್ದು ಅದೇ. ಎರಡೂ ಬದಿಯ ಶ್ವಾಸಕೋಶಗಳಲ್ಲಿ. ಐಸಿಯುಗೆ ಸೇರಿಸಿ, ರಕ್ತ ಇನ್ನಷ್ಟು ಹೆಪ್ಪುಗಟ್ಟದಂತೆ ಔಷಧ ಆರಂಭಿಸಿದೆವು.

ಸುದ್ದಿ ಅಷ್ಟರಲ್ಲಿ ಆಡಳಿತ ಮಂಡಳಿಗೆ ಮುಟ್ಟಿತ್ತು. ಮಂಡಳಿಯ ಹಿರಿಯ ಸದಸ್ಯರೊಬ್ಬರು ಕಮರ್ಷಿಯಲ್ ಸ್ಟ್ರೀಟಿನ ತಮ್ಮ ಅಂಗಡಿಯಿಂದ ನೇರವಾಗಿ ಬಂದರು. ಆಸ್ಪತ್ರೆಗೆ ಬಹಳ ದುಡಿದವರು, ಸಜ್ಜನರು, ಭಯಪಟ್ಟಿದ್ದರು. ನನ್ನ ಕೋಣೆಯ ಬಾಗಿಲನ್ನು ತಾವೇ ಮುಂದೆ ಮಾಡಿ ಹೇಳಿದರು.

"ಡಾಕ್ಟ್ರೇ, ಟ್ರೀಟ್‌ಮೆಂಟ್ ನಡೀತಿದೆ ತಾನೆ. ಹಿಂದೆ ಕೂರಿಸಿದ್ರು, ಬಟನ್ ಒತ್ತಿದ್ರು, ಅದೆಲ್ಲ ಈಗ ಅವ್ರ ಮನೆಯವ್ರಿಗೆ ಹೇಳೋಕ್ ಹೋಗ್ಬೇಡಿ. ಊರೆಲ್ಲ ಬೇರೆ ಥರಾ ಮಾತಾಡುತ್ತೆ. ಆ ಮೆಷಿನ್ ಸಹವಾಸಾನೇ ಬೇಡ, ನಾಳೆಯಿಂದ ಮೊದಲಿನ ಥರ ಕ್ಯೂ ಮಾಡಿಸಿ."

ಉತ್ತರ ಕೊಡುವ ಮೊದಲೇ ಐಸಿಯುನಿಂದ ಕರೆ ಬಂತು. ಜುಲೇಖಾ ಬೀಯವರ ರಕ್ತದೊತ್ತಡ ಕುಸಿಯತೊಡಗಿತ್ತು. ಹೃದಯದ ಬಲಭಾಗ, ಮುಚ್ಚಿದ ನಾಳಗಳ ವಿರುದ್ಧ ದುಡಿದು ದುಡಿದು ಸೋಲುತ್ತಿತ್ತು. ಈಗ ಉಳಿದಿದ್ದುದು ಒಂದೇ ದಾರಿ. ಹೆಪ್ಪನ್ನೇ ಕರಗಿಸುವ ಇಂಜೆಕ್ಷನ್. ಅದು ಶ್ವಾಸಕೋಶದ ಹೆಪ್ಪನ್ನು ಕರಗಿಸಬಹುದು, ಹಾಗೆಯೇ ಮಿದುಳಿನಲ್ಲಿ ರಕ್ತಸ್ರಾವವನ್ನೂ ಮಾಡಬಹುದು. ಕೊಡದಿದ್ದರೆ ಆಕೆ ಸಂಜೆಯನ್ನು ಕಾಣುವ ಭರವಸೆ ಇರಲಿಲ್ಲ. ಕೊಡಲು ಮನೆಯವರ ಒಪ್ಪಿಗೆ ಬೇಕು. ಮಗ ದುಬೈಯಲ್ಲಿ, ಹೊರಗೆ ಇದ್ದವರು ನಸ್ರೀನ್ ಒಬ್ಬರೇ.

ಐಸಿಯುನ ಹೊರಗಿನ ಓಣಿಯಲ್ಲಿ ಅವರ ಎದುರು ನಿಂತಾಗ ನನಗೆ ಒಂದು ಸಂಗತಿ ಸ್ಪಷ್ಟವಾಯಿತು. ಈ ಹೆಣ್ಣುಮಗಳು ನನ್ನ ಮಾತಿನ ಮೇಲೆ ತನ್ನ ಅತ್ತೆಯ ಪ್ರಾಣವನ್ನು ಇಡಬೇಕಾಗಿದೆ. ಬೆಳಗಿನ ಸಂಗತಿಯನ್ನು ಮುಚ್ಚಿಟ್ಟು ಆ ನಂಬಿಕೆಯನ್ನು ಬೇಡುವುದು ಸುಳ್ಳು ಸಂಕಲ್ಪ. ಸೆಲ್ವಿ ಆಗಲೇ ಬಂದು ಗೋಡೆಗೆ ಒರಗಿ ನಿಂತಿದ್ದರು. ನಾನು ಎಲ್ಲವನ್ನೂ ಹೇಳಿದೆ. ಬೆರಳಿನ ಅಂಕಿ, ಬಟನ್, ಹಸಿರು ಪಟ್ಟಿ, ಕೊನೆಯ ಬೆಂಚು.

ನಸ್ರೀನ್ ಕೇಳುತ್ತ ಕೇಳುತ್ತ ತಮ್ಮ ಕೈಗಳನ್ನು ನೋಡಿಕೊಂಡರು. ಅವರ ಬೆರಳುಗಳಲ್ಲಿಯೂ ಮದುವೆಯ ಬಣ್ಣವಿತ್ತು.

"ಅಂದ್ರೆ ಮೆಹಂದಿ ಹಾಕ್ಕೊಂಡಿದ್ದಕ್ಕೆ ನಮ್ಮನ್ನ ಹಿಂದೆ ಕೂರಿಸಿದ್ರಾ ಸರ್?"

ಆ ಪ್ರಶ್ನೆಗೆ ಮೆತ್ತನೆಯ ಉತ್ತರಗಳು ಇದ್ದವು. ಯಂತ್ರ, ಬೆಳಕು, ಬಣ್ಣದ ಪದರ, ಎಲ್ಲವನ್ನೂ ವಿವರಿಸಬಹುದಿತ್ತು. "ಹೌದಮ್ಮ," ಎಂದೆ. "ಹಾಗೇ ಆಯಿತು."

ಸೆಲ್ವಿ ಮುಂದೆ ಬಂದರು. "ನಾನೇ ಮೇಡಂ ಒತ್ತಿದ್ದು. ದಿನಾ ಹೀಗೇ ಬರುತ್ತೆ ಅಂತ ಅಂದ್ಕೊಂಡೆ. ಇನ್ನೊಂದ್ಸಲ ನೋಡ್ಲಿಲ್ಲ."

ನಸ್ರೀನ್ ಸೆಲ್ವಿಯ ಕಡೆ ನೋಡಲಿಲ್ಲ. ನನ್ನನ್ನೇ ಕೇಳಿದರು. "ಇದನ್ನ ನೀವು ಹೇಳದೇ ಇದ್ದಿದ್ರೆ ನಂಗೆ ಗೊತ್ತಾಗ್ತಾನೇ ಇರ್ಲಿಲ್ಲ, ಅಲ್ವಾ?"

"ಇಲ್ಲಮ್ಮ."

"ಸರಿ. ಆ ಇಂಜೆಕ್ಷನ್ ವಿಷ್ಯ ಮೊದಲಿಂದ ಹೇಳಿ. ಅಪಾಯ ಎಷ್ಟು ಅಂತಾನೂ ಬಿಡದೆ ಹೇಳಿ."

ಹೇಳಿದೆ. ಗಣಿತದ ಶಿಕ್ಷಕಿಗೆ ತಕ್ಕಂತೆ ಅವರು ನಡುನಡುವೆ ನಿಲ್ಲಿಸಿ ಕೇಳಿದರು, ನನಗೆ ತಿಳಿಯದ್ದನ್ನು ತಿಳಿಯದೆಂದು ಒಪ್ಪಿಕೊಂಡೆ. ದುಬೈಗೆ ಫೋನ್ ಮಾಡಿ ಗಂಡನೊಡನೆ ಮಾತನಾಡಿದರು. ಒಪ್ಪಿಗೆಗೆ ಸಹಿ ಹಾಕಿದರು. ಆಮೇಲೆ ಬೆಂಚಿನ ಮೇಲೆ ಕುಳಿತು ಮುಖ ಮುಚ್ಚಿಕೊಂಡರು.

ಇಂಜೆಕ್ಷನ್ ಹನಿಹನಿಯಾಗಿ ಇಳಿಯುವಷ್ಟು ಹೊತ್ತು ವೈದ್ಯನಿಗೆ ಮಾಡಲು ಏನೂ ಇರುವುದಿಲ್ಲ. ಮಾನಿಟರಿನ ಅಂಕಿಗಳನ್ನು, ಕಣ್ಣಿನ ಪಾಪೆಗಳನ್ನು, ಕೈಕಾಲುಗಳ ಶಕ್ತಿಯನ್ನು ಮತ್ತೆಮತ್ತೆ ನೋಡಬೇಕು. ಮಾತು ತೊದಲುತ್ತಿದೆಯೇ ಎಂದು ಮಾತನಾಡಿಸುತ್ತಿರಬೇಕು. ನನ್ನ ತುಟಿಯ ಮೇಲೆ ಇಷ್ಟದೇವತೆಯ ನಾಮವಿತ್ತು, ಅದನ್ನು ಮರೆಮಾಚಲಿಲ್ಲ. ಸೆಲ್ವಿಯ ಪಾಳಿ ಮುಗಿದಿತ್ತು. ಅವರು ಮನೆಗೆ ಹೋಗದೆ ಹಾಸಿಗೆಯ ಬದಿಯಲ್ಲಿ ನಿಂತು ಜುಲೇಖಾ ಬೀಯವರ ಕೈ ಹಿಡಿದುಕೊಂಡಿದ್ದರು. ಐಸಿಯುನವರು ಹೋಗಿ ಎಂದರೂ ಕದಲಲಿಲ್ಲ.

ಹೊರಗೆ ಮಸೀದಿಯಿಂದ ಸಂಜೆಯ ಬಾಂಗು ಕೇಳುವ ಹೊತ್ತಿಗೆ ರಕ್ತದೊತ್ತಡ ಮೇಲೇರತೊಡಗಿತು. ಆಮ್ಲಜನಕ ತೊಂಬತ್ತನ್ನು ದಾಟಿತು. ಜುಲೇಖಾ ಬೀ ಕಣ್ಣುಬಿಟ್ಟು, ತಮ್ಮ ಕೈ ಹಿಡಿದು ನಿಂತ ಸೆಲ್ವಿಯನ್ನು ನೋಡಿದರು.

"ಯಾಕಮ್ಮಾ ಅಳ್ತಿದೀಯ? ನಾನಿನ್ನೂ ಇದೀನಲ್ಲ."

ಜುಲೇಖಾ ಬೀ ಸೆಲ್ವಿಯ ಬರಿಯ ಬೆರಳುಗಳನ್ನು ಹೊರಳಿಸಿ ನೋಡಿದರು. "ಕೈಯೆಲ್ಲ ಖಾಲಿ. ನಿನ್ ಮದುವೆಗೆ ನಾನೇ ಬಂದು ಮೆಹಂದಿ ಹಾಕ್ತೀನಿ."

"ನನ್ ಮದ್ವೆ ಆಗಿ ಮಗ ಕಾಲೇಜಿಗೆ ಹೋಗ್ತಿದಾನೆ ಅಮ್ಮಾ."

"ಹಾಗಾದ್ರೆ ಮಗನ ಮದುವೆಗೆ ಹಾಕ್ತೀನಿ, ಬಿಡು."

ಮಾತು ತೊದಲಿರಲಿಲ್ಲ. ಅಷ್ಟು ಉದ್ದದ ವಾಕ್ಯವನ್ನು ನಡುವೆ ನಿಲ್ಲದೆ ಮುಗಿಸಿದ್ದರು. ಬಾಗಿಲಲ್ಲಿ ನಿಂತಿದ್ದ ನಸ್ರೀನ್ ಅದನ್ನು ಕೇಳಿಸಿಕೊಂಡರು. ಒಳಗೆ ಬಂದು, ಸೆಲ್ವಿಯನ್ನು ನೋಡಿ, "ನೀವು ಊಟ ಮಾಡಿದ್ರಾ?" ಎಂದಷ್ಟೇ ಕೇಳಿದರು. ಕ್ಷಮೆಯ ಮಾತನ್ನು ಅಂದು ಯಾರೂ ಆಡಲಿಲ್ಲ, ಯಾರೂ ಕೇಳಲಿಲ್ಲ.

ಮಾರನೆಯ ದಿನದಿಂದ ಸರಿಪಡಿಸುವ ಕೆಲಸ ಆರಂಭವಾಯಿತು. ಶ್ವೇತಾ ಜುಲೇಖಾ ಬೀಯವರ ಬೆಳಗಿನ ಅಳತೆಯನ್ನು ಮತ್ತೆ ತೆರೆದು ನೋಡಿದಳು. ಆಕ್ಸಿಮೀಟರ್ ಅಂಕಿಯ ಜೊತೆಗೆ ನಾಡಿಯ ಅಲೆಯನ್ನೂ ಪರದೆಗೆ ಕಳಿಸುತ್ತದೆ. ಬಣ್ಣ ಬೆಳಕನ್ನು ತಡೆದಾಗ ಆ ಅಲೆ ಕ್ಷೀಣವಾಗಿ ಚದುರಿಹೋಗುತ್ತದೆ. ಜುಲೇಖಾ ಬೀಯವರದು ಅಚ್ಚುಕಟ್ಟಾದ, ತುಂಬಿದ ಅಲೆ. ಬೆಳಕು ಮೆಹಂದಿಯನ್ನು ಹಾದು ಹೋಗಿ ರಕ್ತವನ್ನು ಕಂಡಿತ್ತು, ಕಂಡದ್ದನ್ನು ಹೇಳಿಯೂ ಇತ್ತು.

"ಸರ್, ಮೆಷಿನ್ ಕರೆಕ್ಟಾಗೇ ಹೇಳಿದೆ," ಎಂದಳು ಶ್ವೇತಾ. "ನಾವೇ ಅದರ ಬಾಯಿ ಮುಚ್ಚೋ ಬಟನ್ ಮಾಡಿ ಇಟ್ವಿ."

ಮಂಡಳಿಯ ಹಿರಿಯರು ಚಪ್ಪಲಿಯ ಸಾಲಿಗೆ ಹಿಂದಿರುಗುವ ಮಾತನ್ನು ಸಭೆಯಲ್ಲಿ ಮತ್ತೆ ಎತ್ತಿದರು. ನಾನು ಇಷ್ಟೇ ಹೇಳಿದೆ: ಹಳೆಯ ಸಾಲಿನಲ್ಲಿಯೂ ತಡವಾಗಿ ಬಂದ ಜುಲೇಖಾ ಬೀ ಕೊನೆಯಲ್ಲಿಯೇ ಇರುತ್ತಿದ್ದರು, ಅಲ್ಲಿ ಅವರ ಬೆರಳನ್ನು ಯಾರೂ ಅಳೆಯುತ್ತಲೂ ಇರಲಿಲ್ಲ. ಮನೆಯವರಿಗೆ ಎಲ್ಲವನ್ನೂ ತಿಳಿಸಿದ್ದೇನೆ ಎಂದೂ ಹೇಳಿದೆ. ಆಮೇಲೆ, "ಸೆಲ್ವಿಗೆ ಮೆಮೊ ಕೊಡೋದ್ ಬೇಡ," ಎಂದವರು ಆ ಹಿರಿಯರೇ.

ಬಟನ್ ಈಗಲೂ ಇದೆ, ಅದರ ಕೆಲಸ ಬದಲಾಗಿದೆ. ಒತ್ತಿದರೆ ಪರದೆ ಹಸಿರಾಗುವುದಿಲ್ಲ, ಹಳದಿಯಾಗುತ್ತದೆ. ರೋಗಿ ಸಿಸ್ಟರ್ ಕಣ್ಣೆದುರಿನ ಮುಂದಿನ ಬೆಂಚಿನಲ್ಲಿ ಕೂರುತ್ತಾರೆ. ಕಿವಿಯ ಹಾಲೆಯಿಂದ ಇನ್ನೊಂದು ಅಳತೆ ಬರುವವರೆಗೆ, ರೋಗಿ ಒಂದು ವಾಕ್ಯವನ್ನು ತಡೆಯಿಲ್ಲದೆ ಹೇಳಬಲ್ಲರೇ ಎಂಬುದನ್ನು ಸಿಸ್ಟರ್ ದಾಖಲಿಸುವವರೆಗೆ, ಕಂಪ್ಯೂಟರು ಮುಂದೆ ಹೋಗಲು ಬಿಡುವುದಿಲ್ಲ. ಕಿವಿಯ ಚಿಮಟವೊಂದು ಬಾಗಿಲ ಮೇಜಿನಲ್ಲಿಯೇ ಇರುತ್ತದೆ. ಸೆಲ್ವಿ ಹೊಸಬರಿಗೆ ಕಲಿಸುವಾಗ ತಾವು ಮಾಡಿದ್ದನ್ನು ತಾವೇ ಹೇಳುತ್ತಾರೆ. ಹೇಳಿ ಎಂದು ಯಾರೂ ಅವರನ್ನು ಒತ್ತಾಯಿಸಿಲ್ಲ.

ಜುಲೇಖಾ ಬೀ ಗುಣವಾಗಿ ಹೊರಟ ದಿನ ನಸ್ರೀನ್ ಹೊಸ ಪರದೆಯನ್ನು ನೋಡಬೇಕೆಂದರು. ಶ್ವೇತಾ ತೋರಿಸಿದಳು. ಪರದೆ ರೋಗಿಗಳೊಡನೆ ಹಲವು ಭಾಷೆಗಳಲ್ಲಿ ಮಾತನಾಡುತ್ತದೆ; ಬಟನ್ ಒತ್ತಿದಾಗ ಬರುವ ಧ್ವನಿಯನ್ನು ಅವರು ಎರಡು ಬಾರಿ ಕೇಳಿದರು.

"ಇದೇನ್ ಸರ್, 'ಅಳತೆಯಲ್ಲಿ ತೊಂದರೆ ಇದೆ' ಅನ್ನುತ್ತೆ? ಕೇಳಿದೋರಿಗೆ ತಪ್ಪು ತಮ್ ಕೈದೇ ಅನ್ಸುತ್ತೆ. ನಮ್ಮ ಅಮ್ಮಿ ಥರದವ್ರು ನಾಚ್ಕೊಂಡು ಎದ್ದು ಹಿಂದೆ ಹೋಗ್ಬಿಡ್ತಾರೆ."

"ಮತ್ತೆ ಹೇಗೆ ಹೇಳ್ಬೇಕು ಮೇಡಂ?" ಎಂದಳು ಶ್ವೇತಾ.

"ಮೈಕ್ ಕೊಡಿ ಇಲ್ಲಿ."

ಅವರು ದಖ್ಖನಿಯಲ್ಲಿಯೂ ಕನ್ನಡದಲ್ಲಿಯೂ ಹೇಳಿದ ಸಾಲುಗಳನ್ನು ಇಂದಿಗೂ ನಮ್ಮ ಪರದೆ ಆಡುತ್ತದೆ: "ನಿಮ್ಮ ಮೆಹಂದಿ ಚೆನ್ನಾಗಿದೆ. ಅದಕ್ಕೇ ಕಿವಿಯಲ್ಲಿ ಇನ್ನೊಂದ್ಸಲ ನೋಡ್ತೀವಿ. ಇಲ್ಲೇ ಮುಂದೆ ಕೂತ್ಕೊಳ್ಳಿ, ಹಿಂದೆ ಹೋಗ್ಬೇಡಿ." ದನಿಯಲ್ಲಿ ಶಾಲೆಯ ಶಿಕ್ಷಕಿಯ ಗದರಿಕೆ ತುಸು ಉಳಿದಿದೆ. ಹೆಂಗಸರು ಅದಕ್ಕೆ "ಆಯ್ತಮ್ಮ" ಎಂದು ಉತ್ತರ ಕೊಟ್ಟು ಕುಳಿತುಕೊಳ್ಳುವುದನ್ನು ನಾನು ಕಂಡಿದ್ದೇನೆ.

ಚಿಕಿತ್ಸೆಗೆ ಮುಂಚಿನ ಹೊತ್ತನ್ನು ಯಂತ್ರಗಳಿಂದ ತಿದ್ದಲು ಹೊರಟ ಕಿರಿಯ ವೈದ್ಯರು ಈಗಲೂ ನನ್ನ ಬಳಿ ಬರುತ್ತಾರೆ. ಅವರಿಗೆ ನಾನು ಹೇಳುವುದು ಒಂದೇ. ನಿಮ್ಮ ನಿಯಮಕ್ಕೆ ಒಳಪಡದ ಜನ ಎಲ್ಲ ಕಡೆಯೂ ಇರುತ್ತಾರೆ. ಅವರಿಗಾಗಿ ವಿನಾಯಿತಿ ಮಾಡಲೇಬೇಕು. ಆದರೆ ವಿನಾಯಿತಿ ಎಂದರೆ ಅವರನ್ನು ನೋಡುವ ಕೆಲಸ ಕಡಿಮೆ ಮಾಡಿಕೊಳ್ಳುವುದಾದರೆ ಅದನ್ನು ಮಾಡಬೇಡಿ. ಅಳತೆ ಯಾರ ವಿಷಯದಲ್ಲಿ ಸಂದೇಹಕ್ಕೆ ಒಳಗಾಗುತ್ತದೆಯೋ, ಅವರ ಪಕ್ಕದಲ್ಲಿ ಇನ್ನೊಬ್ಬರಿಗಿಂತ ಒಂದು ಗಳಿಗೆ ಹೆಚ್ಚಾಗಿ ಕೂರಬೇಕು. ವೃತ್ತಿಯ ಕೊನೆಗಾಲದಲ್ಲಿ ಜುಲೇಖಾ ಬೀಯವರ ಉಸಿರು ನನಗೆ ಕಲಿಸಿದ್ದು ಇದನ್ನು.